ಅಡುಗೆಮನೆಗೆ ಕೇಳಿಸಿದಷ್ಟು

ನಮ್ಮ ಮನೆಯಲ್ಲಿ ನನಗಿಂತ ಆರು ವರ್ಷ ತಡವಾಗಿ ಬಂದು, ನನಗಿಂತ ಹೆಚ್ಚು ಉಪಚಾರ ಮಾಡಿಸಿಕೊಂಡದ್ದು ಒಂದಿದೆ. ಅದಕ್ಕೆ ಮಳೆಗಾಲದಲ್ಲಿ ಥಂಡಿ ಆಗಬಾರದು, ಬೇಸಿಗೆಯಲ್ಲಿ ಸೆಕೆ ಆಗಬಾರದು, ಗುಡುಗು ಸಿಡಿಲಿಗೆ ಬೆಚ್ಚಬಾರದು. ಮೈಮೇಲೆ ಧೂಳು ಕೂರಬಾರದು. ಆದರೆ ಒರೆಸುವ ಬಟ್ಟೆ ಹಿಡಿದು ನಾನು ಹತ್ತಿರ ಹೋಗಲೂಬಾರದು. ಸವತಿ ಎಂದು ಗಾಬರಿಯಾಗಬೇಡಿ. ಅದೊಂದು ಆಂಪ್ಲಿಫೈಯರ್.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು 1978ರಲ್ಲಿ. ಕೊಪ್ಪದಿಂದ ಶೃಂಗೇರಿಗೆ ಹೋಗುವಾಗ ಹರಿಹರಪುರದ ಹತ್ತಿರ ಬಸ್ಸಿಳಿದು ತೋಟದ ದಾರಿಯಲ್ಲಿ ಅರ್ಧ ಮೈಲಿ ನಡೆದರೆ ನಮ್ಮ ಮನೆ. ನಮ್ಮವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು, ಜೊತೆಗೆ ಒಂದಿಷ್ಟು ಅಡಿಕೆ ತೋಟ. ಮಾವನವರ ಕಾಲದ ವಾಲ್ವ್ ರೇಡಿಯೋ ಒಂದು ಜಗುಲಿಯಲ್ಲಿತ್ತು. ಅದಕ್ಕೆ ಪ್ರತಿವರ್ಷ ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ದುಡ್ಡು ಕಟ್ಟಬೇಕಿತ್ತು. ಗುಂಡಿ ತಿರುಗಿಸಿದ ಮೇಲೆ ಒಳಗಿನ ಬಲ್ಬುಗಳು ಕೆಂಪಗಾಗಿ ಮಾತು ಹೊರಡುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದಿತ್ತು. 1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾದ ಮೇಲಂತೂ ಮಾವನವರಿಗೆ ಗಡಿಯಾರವೇ ಬೇಡವಾಯಿತೆಂದು ಅತ್ತೆ ಹೇಳುತ್ತಿದ್ದರು. ವಾರ್ತೆಗೆ ಸ್ನಾನ, ಚಿತ್ರಗೀತೆಗೆ ಊಟ.

1984ರಲ್ಲಿ ಅಡಿಕೆ ಮಂಡಿಯ ದುಡ್ಡು ಕೈಗೆ ಬಂದಾಗ ನಾನು ಒಂದು ಮಿಕ್ಸಿ ಕೇಳಿದ್ದೆ. ಆರು ವರ್ಷದಿಂದ ಒರಳು ತಿರುವಿ ತಿರುವಿ ನನ್ನ ಬಲಗೈ ಎಡಗೈಗಿಂತ ದಪ್ಪವಾಗಿತ್ತು. "ಬೆಂಗಳೂರಿಗೆ ಹೋದಾಗ ನೋಡುತ್ತೇನೆ" ಎಂದರು ಇವರು. ನೋಡಿದರೋ ಇಲ್ಲವೋ ಗೊತ್ತಿಲ್ಲ. ಮೂರನೇ ದಿನ ಆಳಿನ ತಲೆಯ ಮೇಲೆ ಪೆಟ್ಟಿಗೆಗಳು ಬಂದವು. ಮಿಕ್ಸಿ ಇಷ್ಟು ದೊಡ್ಡದಿರುತ್ತದೆಯೇ ಎಂದು ನಾನೂ ಅತ್ತೆಯೂ ಕೈ ಒರೆಸಿಕೊಂಡು ಓಡಿದೆವು. ಪೆಟ್ಟಿಗೆ ಬಿಚ್ಚಿದರೆ ಮರದ ಕವಚ, ಬೆಳ್ಳಿಯಂತೆ ಹೊಳೆಯುವ ಮುಖ, ಅದರ ತುಂಬ ಗುಂಡಿಗಳು. ಜೊತೆಗೆ ಎರಡು ಸ್ಪೀಕರ್, ಒಂದು ರೆಕಾರ್ಡ್ ಪ್ಲೇಯರ್. "ಇದರಲ್ಲಿ ತೆಂಗಿನಕಾಯಿ ಎಲ್ಲಿ ಹಾಕೋದು?" ಎಂದು ಅತ್ತೆ ಮುಗ್ಧವಾಗಿ ಕೇಳಿದ್ದನ್ನು ನೆನೆಸಿಕೊಂಡು ನಾನು ಇಂದಿಗೂ ನಗುತ್ತೇನೆ. ಆವತ್ತು ನಕ್ಕಿರಲಿಲ್ಲ.

ಆಗೆಲ್ಲ ಹೊರದೇಶದ ಸಾಮಾನಿಗೆ ವಿಪರೀತ ಸುಂಕ. ಹಾಗಾಗಿ ನಮ್ಮ ದೇಶದಲ್ಲೇ ಕಾಸ್ಮಿಕ್, ಸೋನೋಡೈನ್ ಮೊದಲಾದ ಕಂಪನಿಗಳು ಸ್ಟೀರಿಯೋ ಆಂಪ್ಲಿಫೈಯರ್ ತಯಾರಿಸುತ್ತಿದ್ದವು. ನಮ್ಮದು 1970ರಲ್ಲಿ ಕಲ್ಕತ್ತೆಯಲ್ಲಿ ಶುರುವಾದ ಸೋನೋಡೈನ್. ರೆಕಾರ್ಡಿನ ಗೀರಿನಲ್ಲಿ ಓಡುವ ಮುಳ್ಳಿನಿಂದ ಹುಟ್ಟುವ ವಿದ್ಯುತ್ತು ಒಂದು ವೋಲ್ಟಿನ ಸಾವಿರದಲ್ಲಿ ಕೆಲವೇ ಪಾಲಿನಷ್ಟಂತೆ. ಅದನ್ನು ಸ್ಪೀಕರಿನ ಕಾಗದದ ಶಂಕುವನ್ನು ಅಲುಗಾಡಿಸುವಷ್ಟು ಹಿಗ್ಗಿಸುವುದೇ ಆಂಪ್ಲಿಫೈಯರಿನ ಕೆಲಸ. ಬಾಸ್ ಎಂಬ ಗುಂಡಿ ತಿರುಗಿಸಿದರೆ ಮಂದ್ರ ಏಳುತ್ತದೆ, ಟ್ರೆಬಲ್ ತಿರುಗಿಸಿದರೆ ತಾರದ ಹೊಳಪು. ಇವರು ಹತ್ತನೇ ತರಗತಿಗೆ ಪಾಠ ಮಾಡಿದ ಹಾಗೆ ಇದನ್ನೆಲ್ಲ ವಿವರಿಸಿದರು. ನಾನು ನನಗೆ ತಿಳಿದ ಹಾಗೆ ಅರ್ಥ ಮಾಡಿಕೊಂಡೆ: ಬಾಸ್ ಅಂದರೆ ಬೆಂದ ಬೇಳೆ, ಟ್ರೆಬಲ್ ಅಂದರೆ ಇಂಗು ಸಾಸಿವೆಯ ಒಗ್ಗರಣೆ.

ಜಗುಲಿಗೆ ತಾಗಿದ ಕೋಣೆಯಲ್ಲಿ ಅದರ ಪ್ರತಿಷ್ಠಾಪನೆಯಾಯಿತು. ಎರಡು ಸ್ಪೀಕರು ಎರಡು ಮೂಲೆಗೆ. ಎರಡರಿಂದಲೂ ಸಮದೂರ ಬರುವಂತೆ ದಾರ ಹಿಡಿದು ಅಳೆದು ಒಂದು ಬೆತ್ತದ ಕುರ್ಚಿ. ಆ ಒಂದು ಜಾಗದಲ್ಲಿ ಕೂತರೆ ಮಾತ್ರ ಹಾಡುವವರು ಎದುರಿಗೇ ಕೂತ ಹಾಗೆ, ಪಿಟೀಲು ಎಡಕ್ಕೆ, ಮೃದಂಗ ಬಲಕ್ಕೆ ಇದ್ದ ಹಾಗೆ ಕೇಳಿಸುತ್ತದಂತೆ. ಒಂದು ಮೊಳ ಆಚೆಗೆ ಸರಿದರೆ ಆ ಮಜಾ ಇಲ್ಲ. ಹಾಗಾಗಿ ಅದು ಇವರ ಕುರ್ಚಿ. ನೀನು ಕೂರಬೇಡ ಎಂದು ಯಾರೂ ಹೇಳಿದವರಿಲ್ಲ. ಆದರೆ ಸಂಜೆ ಆರೂವರೆಯಿಂದ ಎಂಟರ ತನಕ ಬೆತ್ತದ ಕುರ್ಚಿಯಲ್ಲಿ ಕೂರುವ ಪುರುಸೊತ್ತು ಯಾವ ಗೃಹಿಣಿಗಿದೆ, ನೀವೇ ಹೇಳಿ.

ಹೀಗಾಗಿ ನಾನು ಸಂಗೀತ ಕೇಳಿದ್ದೆಲ್ಲ ಅಡುಗೆಮನೆಯಿಂದ. ನಡುವೆ ಒಂದು ನಡುಮನೆ, ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಒಂದು ಬಾಗಿಲು, ಬಾಗಿಲಿಗೊಂದು ಪರದೆ. ಜೊತೆಗೆ ಒಗ್ಗರಣೆಯ ಚಟಪಟ, ಬಚ್ಚಲೊಲೆಯ ಸೌದೆ ಸಿಡಿಯುವ ಸದ್ದು, ಹೆಂಚಿನ ಮೇಲೆ ಸುರಿಯುವ ಮಳೆ. ಇವೆಲ್ಲವನ್ನೂ ದಾಟಿ ಬಂದಷ್ಟು ನನ್ನ ಪಾಲಿಗೆ. ಗಂಗೂಬಾಯಿ ಹಾನಗಲ್ಲರು ಇಡಿಯಾಗಿ ಬರುತ್ತಿದ್ದರು. ಗಂಡಸಿನ ದನಿಯಷ್ಟು ದಪ್ಪವಾದ ಆ ಕಂಠಕ್ಕೆ ಗೋಡೆ ಪರದೆಗಳ ಲೆಕ್ಕವಿರಲಿಲ್ಲ. ನನ್ನ ಪಕ್ಕದಲ್ಲಿ ಮಣೆ ಹಾಕಿ ಕೂತು ಹಾಡಿದ ಹಾಗಿರುತ್ತಿತ್ತು. ಎಂ.ಎಸ್. ಸುಬ್ಬುಲಕ್ಷ್ಮಿಯವರು ಮಾತ್ರ ತಾರಕ್ಕೆ ಏರಿದ ಹಾಗೆಲ್ಲ ನಡುಮನೆಯಲ್ಲೇ ಉಳಿದುಬಿಡುತ್ತಿದ್ದರು. 1963ರಲ್ಲಿ ಬಂದ ಅವರ ಸುಪ್ರಭಾತದ ರೆಕಾರ್ಡು ನಮ್ಮಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ತಿರುಗುತ್ತಿತ್ತು. ಅದರ ಹಿಂದೆ ತಂಬೂರಿ ಇದೆಯೆಂದು ನನಗೆ ಗೊತ್ತಿದ್ದುದು ರೆಕಾರ್ಡಿನ ಬಗ್ಗೆ ಇವರು ಹೇಳುತ್ತಿದ್ದುದರಿಂದಲೇ ಹೊರತು ಕಿವಿಯಿಂದಲ್ಲ. ನಾನು ಮದುವೆಯಾದ ವರ್ಷವೇ ಬಂದಿದ್ದ 'ನಿತ್ಯೋತ್ಸವ', ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ, ನನ್ನ ಬೇಡಿಕೆಯ ಮೇರೆಗೆ ಆಗಾಗ ಬರುತ್ತಿತ್ತು. ಅದರ ಮಾತುಗಳು ಅರ್ಧ ನುಂಗಿಹೋಗಿ, ಉಳಿದರ್ಧವನ್ನು ನಾನೇ ತುಂಬಿಕೊಂಡು ಗುನುಗುತ್ತಿದ್ದೆ.

ಒಮ್ಮೆ ಇವರನ್ನೇ ಕೇಳಿದ್ದೆ, ಹೀಗೇಕೆ ಎಂದು. ಸೆಕೆಂಡಿಗೆ ನೂರು ಸಲ ಕಂಪಿಸುವ ಮಂದ್ರಸ್ವರದ ಅಲೆ ಸುಮಾರು ಹನ್ನೊಂದು ಅಡಿ ಉದ್ದ. ಅದು ಬಾಗಿಲಿನ ಮೂಲೆ ಬಳಸಿಕೊಂಡು ಬರುತ್ತದೆ, ಗೋಡೆಯನ್ನೂ ಅಷ್ಟಿಷ್ಟು ದಾಟುತ್ತದೆ. ಎಂಟು ಸಾವಿರ ಸಲ ಕಂಪಿಸುವ ತಾರದ ಅಲೆ ಎರಡು ಇಂಚೂ ಇಲ್ಲ. ಅದು ನೇರಕ್ಕೆ ಹೋಗುವುದೇ ಹೆಚ್ಚು, ಒಂದು ಪರದೆ ಸಿಕ್ಕರೂ ಅದರಲ್ಲೇ ಇಂಗಿಹೋಗುತ್ತದೆ. ಇಷ್ಟು ವಿವರವಾಗಿ ಹೇಳಿದವರು, "ಹಾಗಾದರೆ ಇವತ್ತು ಸಾರಿಗೆ ನಾನು ಕೊತ್ತಂಬರಿ ಹಾಕುತ್ತೇನೆ, ನೀನು ಬಂದು ಇಲ್ಲಿ ಕೂರು" ಎಂದು ಮಾತ್ರ ಹೇಳಲಿಲ್ಲ. ನನಗೂ ಆಗ ಹಾಗೆ ಅನ್ನಿಸಿರಲಿಲ್ಲ.

ಮಿಕ್ಸಿ ಬಂದದ್ದು 1987ರಲ್ಲಿ. ಅಲ್ಲಿಂದ ಮನೆಯಲ್ಲಿ ಮಹಾಯುದ್ಧ. ಮೊದಲೇ ನಮ್ಮ ಕಡೆ ಕರೆಂಟು ಬರುವುದೇ ಅಪರೂಪ, ಬಂದರೂ ವೋಲ್ಟೇಜು ಇಲ್ಲ. ನಾನು ಮಿಕ್ಸಿ ಹಾಕಿದರೆ ಅದರ ಮೋಟಾರಿನ ಕಿಡಿಗೆ ಅಲ್ಲಿ ಸ್ಪೀಕರು ಗರ್ರೆನ್ನುತ್ತಿತ್ತು. "ಒಂದು ಆಲಾಪ ಮುಗಿಯುವ ತನಕ ತಡೆದುಕೋ ಮಾರಾಯ್ತಿ" ಎಂದು ಇವರು ಕೂಗುವರು. ಆಲಾಪ ಮುಗಿಯುವುದರೊಳಗೆ ಕರೆಂಟೇ ಹೋಗಿ, ನಾನು ಮತ್ತೆ ಒರಳಿಗೆ.

ಮಲೆನಾಡಿನಲ್ಲಿ ಇಂಥ ಯಂತ್ರ ಸಾಕುವುದು ಹಸು ಸಾಕಿದ್ದಕ್ಕಿಂತ ಕಷ್ಟ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆ ನಮಗೇನೂ ದೂರವಲ್ಲ. ಆಷಾಢ ಬಂತೆಂದರೆ ಚಪ್ಪಲಿಗೂ ಬೂಸ್ಟು, ಪುಸ್ತಕಕ್ಕೂ ಬೂಸ್ಟು. ರೆಕಾರ್ಡಿನ ಬೀರುವಿನೊಳಗೆ ಹಗಲು ರಾತ್ರಿ ಸಣ್ಣ ಬಲ್ಬು ಉರಿಸಬೇಕು. ಆಂಪ್ಲಿಫೈಯರನ್ನು ದಿನಕ್ಕೆ ಅರ್ಧ ಗಂಟೆಯಾದರೂ ಹಚ್ಚಿಡಬೇಕು, ತನ್ನ ಕಾವಿಗೆ ತಾನೇ ಒಣಗಲು. ಇಲ್ಲದಿದ್ದರೆ ಗುಂಡಿಗಳ ಒಳಗೆ ಕಿಲುಬು ಹಿಡಿದು, ತಿರುಗಿಸಿದಾಗ ಕರಕರ ಎನ್ನುತ್ತದೆ. ಮೊದಲ ಗುಡುಗಿಗೆ ಪ್ಲಗ್ ಕೀಳಬೇಕು. ಒಂದು ವರ್ಷ ಒಳಗೆ ಇರುವೆ ಗೂಡು ಕಟ್ಟಿತ್ತು, ಇನ್ನೊಂದು ವರ್ಷ ಹಲ್ಲಿ ಮೊಟ್ಟೆಯಿಟ್ಟಿತ್ತು. ಇವರು ಶಾಲೆಗೆ ಹೋದಾಗ ಈ ಬಾಣಂತನವೆಲ್ಲ ಯಾರು ಮಾಡಿದರೆಂದು ಬೇರೆ ಹೇಳಬೇಕಾಗಿಲ್ಲ.

ಹೀಗೆ ಟಿ.ವಿ. ಬಂತು, ಸಿ.ಡಿ. ಬಂತು, ಮೊಬೈಲೂ ಬಂತು. ಮಗ ಬೆಂಗಳೂರು ಸೇರಿದ. ಇವರು ನಿವೃತ್ತರಾದರು. ಬೆತ್ತದ ಕುರ್ಚಿಗೆ ಎರಡು ಸಲ ಹೊಸ ಬೆತ್ತ ಹೆಣೆಸಿದ್ದಾಯಿತು. ಕಲ್ಕತ್ತೆಯ ಪೆಟ್ಟಿಗೆ ಮಾತ್ರ ಹಾಗೇ ಇತ್ತು.

2018ರ ಮಳೆಗಾಲ ಮುಗಿದ ಮೇಲೆ ಇವರು ಅದರ ಮೇಲೆ ದೂರು ಶುರುಮಾಡಿದರು. "ಟ್ರೆಬಲ್ಲೇ ಇಲ್ಲ ಕಣೇ. ತಂಬೂರಿ ಸತ್ತೇ ಹೋಗಿದೆ." ಟ್ರೆಬಲ್ ಗುಂಡಿಯನ್ನು ಕೊನೆಯ ತನಕ ತಿರುಗಿಸಿದರು. ಮುಳ್ಳು ಬದಲಾಯಿಸಿದರು. ಸ್ಪೀಕರಿನ ತಂತಿ ಬದಲಾಯಿಸಿದರು. ಕೊಪ್ಪದಿಂದ ರಿಪೇರಿಯ ಹುಡುಗನೊಬ್ಬನನ್ನು ಕರೆಸಿದರು. ಮೊಬೈಲು ಬಿಚ್ಚಿ ಅಭ್ಯಾಸವಾದ ಆ ಹುಡುಗ ಇದರ ಹೊಟ್ಟೆ ನೋಡಿ ಕೈಮುಗಿದು, "ಸಾರ್, ಇದು ನನ್ನ ಅಪ್ಪನಿಗಿಂತ ದೊಡ್ಡದು" ಎಂದು ಹೊರಟುಹೋದ.

ಅದೇ ದಿನಗಳಲ್ಲಿ ಇನ್ನೊಂದು ನಡೆಯುತ್ತಿತ್ತು. ಊಟಕ್ಕೆ ಬಡಿಸುವಾಗ "ತುಪ್ಪ ಹಾಕಲಾ?" ಎಂದು ಕೇಳಿದರೆ ಇವರು, "ಬೇಡ, ಸರಿಯಾಗೇ ಇದೆ" ಎನ್ನುತ್ತಿದ್ದರು. ತುಪ್ಪ ಬೇಡವೆನ್ನುವ ಜನ್ಮವಲ್ಲ ಇದು. ವಯಸ್ಸಾಯಿತು, ಪಥ್ಯ ಮಾಡುತ್ತಿದ್ದಾರೆ ಎಂದುಕೊಂಡೆ. ಒಂದು ದಿನ ಸಿಡುಕಿದರು: "ದಿನಾ ಯಾಕೆ ಉಪ್ಪು ಉಪ್ಪು ಅಂತೀಯ? ಉಪ್ಪು ಕಮ್ಮಿ ಆಗಿದೆ ಅಂತ ನಾನು ಯಾವತ್ತಾದರೂ ಹೇಳಿದೀನಾ?" ನನಗೆ ಕೈಯಲ್ಲಿದ್ದ ಚಮಚ ಭಾರವಾಯಿತು.

ಅದಾಗಿ ಕೆಲವು ದಿನಕ್ಕೆ, ಸಂಜೆ ಅಂಗಳದಲ್ಲಿ ಕೂತಿದ್ದೆವು. ತೋಟದ ಆಚೆಯ ಕಾಡಿನಲ್ಲಿ ಜೀರುಂಡೆಗಳು ಕಿವಿ ತೂತಾಗುವ ಹಾಗೆ ಕೂಗುತ್ತಿದ್ದವು. ಇವರು ಆಕಾಶ ನೋಡುತ್ತ ನಿಟ್ಟುಸಿರು ಬಿಟ್ಟರು. "ಕಾಡೆಲ್ಲ ಹಾಳಾಯಿತು ನೋಡು. ಈ ವರ್ಷ ಒಂದು ಜೀರುಂಡೆಯೂ ಇಲ್ಲ."

ನಾನು ಹೂಂ ಎಂದೆ. ಎದೆಯೊಳಗೆ ಏನೋ ಕುಸಿಯಿತು. ಹೇಳಬೇಕೆಂದು ಬಾಯಿ ತನಕ ಬಂತು, ಹೇಳಲಾಗಲಿಲ್ಲ. ಕಣ್ಣು ಮಂಜಾದರೆ ಯಾರೂ ಸಂಕೋಚವಿಲ್ಲದೆ ಕನ್ನಡಕ ಹಾಕಿಕೊಳ್ಳುತ್ತಾರೆ. ಕಿವಿಯ ವಿಷಯ ಹಾಗಲ್ಲ. ಅದರಲ್ಲೂ ಸುತ್ತಲಿನ ಹತ್ತು ಊರಿನಲ್ಲಿ ಕಿವಿಗೇ ಹೆಸರಾದ ಮನುಷ್ಯ ಇವರು. ಯಾರ ಮನೆಯ ಮದುವೆಯಲ್ಲಿ ಶ್ರುತಿ ಅರೆಗೂದಲು ತಪ್ಪಿದರೂ ಮುಖ ಕಿವುಚುತ್ತಿದ್ದರು.

2019ರ ಬೇಸಿಗೆಯಲ್ಲಿ, ನರಸಿಂಹರಾಜಪುರದಲ್ಲಿ ಹಳೆಯ ಸೆಟ್ಟುಗಳನ್ನು ಬಲ್ಲ ಹಿರಿಯರೊಬ್ಬರು ಇದ್ದಾರೆಂದು ಯಾರೋ ಹೇಳಿದರು. ಆಂಪ್ಲಿಫೈಯರನ್ನು ಕಂಬಳಿಯಲ್ಲಿ ಸುತ್ತಿ ಹೊರಟೆವು. ಆಗಿನ್ನೂ ಕೊಪ್ಪದ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳು ಓಡುತ್ತಿದ್ದವು. ಮರುವರ್ಷ ಅವು ನಿಂತೇಹೋದವು. ತೊಡೆಯ ಮೇಲೆ ಅದನ್ನು ಮಗುವಿನಂತೆ ಇಟ್ಟುಕೊಂಡು ಕೂತಿದ್ದ ಇವರನ್ನು ನೋಡಿ ಕಂಡಕ್ಟರು, "ಏನ್ ಮೇಷ್ಟ್ರೇ, ಅರ್ಧ ಟಿಕೆಟ್ಟಾ?" ಎಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ, ನಗು ಒಳಗೆ ಇಳಿಯಲಿಲ್ಲ.

ಆ ಹಿರಿಯರು ಸೆಟ್ಟು ಬಿಚ್ಚಿ, ಮೂವತ್ತೈದು ವರ್ಷದ ಹಳೆಯ ಕಂಡೆನ್ಸರುಗಳು ಒಳಗೊಳಗೇ ಒಣಗಿವೆಯೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿ ಬೆಸುಗೆ ಹಾಕಿದರು. ಗುಂಡಿಗಳ ಕಿಲುಬು ತೊಳೆದರು. ಹದಿನೈದು ದಿನ ಬಿಟ್ಟು ತರಲು ಹೋದಾಗ, ಇವರು ಹೊರಗೆ ಬಾಳೆಹಣ್ಣು ತೆಗೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ನನ್ನ ಹತ್ತಿರ ಮೆಲ್ಲಗೆ ಹೇಳಿದರು: "ಅಮ್ಮಾ, ಹುಂಕಾರ ಇತ್ತು, ತೆಗೆದಿದ್ದೇನೆ. ಟ್ರೆಬಲ್ಲಿಗೆ ಮೊದಲೂ ಏನೂ ಆಗಿರಲಿಲ್ಲ, ಈಗಲೂ ಏನೂ ಇಲ್ಲ. ಮೇಷ್ಟರಿಗೆ ನೀವೇ ಹೇಳಿ." ಆ ಹಿರಿಯರಿಗೆ ಎಲ್ಲ ತಿಳಿದಿತ್ತು.

ಮನೆಗೆ ತಂದು ಜೋಡಿಸಿದ್ದಾಯಿತು. ಸುಪ್ರಭಾತ ಹಾಕಿ ಇವರು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ಮುಖ ಬಾಡಿತು. ಎದ್ದು ನಿಂತು, "ನೀನು ಇಲ್ಲಿ ಕೂತು ಕೇಳು ಮಾರಾಯ್ತಿ. ನನಗೆ ಏನೂ ವ್ಯತ್ಯಾಸ ಕಾಣುವುದಿಲ್ಲ" ಎಂದರು.

ಆ ಕುರ್ಚಿಯಲ್ಲಿ ನಾನು ಕೂತದ್ದು ಅದೇ ಮೊದಲು. ಎಂ.ಎಸ್. ನನ್ನ ಎದುರಿಗೇ ಇದ್ದರು. ಅವರು ಉಸಿರೆಳೆದುಕೊಳ್ಳುವುದು ಕೇಳುತ್ತಿತ್ತು. ಅವರ ಹಿಂದೆ ಜೇನುಗೂಡು ಎದ್ದ ಹಾಗೆ, ಆದರೆ ಜೇನಿಗಿಂತ ನಯವಾಗಿ, ಬೆಳಕಿನ ಎಳೆಯಂತೆ ಒಂದು ಝೇಂಕಾರ ಕೋಣೆಯ ತುಂಬ ಹರಡಿಕೊಂಡಿತ್ತು. ತಂಬೂರಿ! ಮೂವತ್ತೈದು ವರ್ಷ ಪ್ರತಿ ಶನಿವಾರ ಇಲ್ಲಿ ಇದು ನುಡಿಯುತ್ತಿತ್ತು, ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿ ದೋಸೆ ಹೊಯ್ಯುತ್ತಿದ್ದೆ. ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೋ, ಸಿಟ್ಟಿಗೋ, ಎದುರಿಗೆ ಆಸೆಯಿಂದ ನೋಡುತ್ತ ನಿಂತಿದ್ದ ಇವರ ಮೇಲಿನ ಕರುಣೆಗೋ, ನನಗೇ ತಿಳಿಯಲಿಲ್ಲ.

"ಬಂತಾ?" ಎಂದು ಕೇಳಿದರು.

"ಸ್ವಲ್ಪ ಕಮ್ಮಿಯೇ ಇದೆ" ಎಂದೆ.

ಆ ಸುಳ್ಳಿಗೆ ಮತ್ತೆ ದುಡ್ಡು ಖರ್ಚಾಯಿತು. ಹೊಸ ಸ್ಪೀಕರಿನ ವಿಚಾರ ನಡೆಯಿತು. ಮಗನಿಗೆ ಫೋನು ಹೋಯಿತು. ಅವನು, "ಅಪ್ಪ, ಅದನ್ನು ಕೊಟ್ಟುಬಿಡಿ. ಈಗ ಹಳೆಯ ಸೆಟ್ಟಿಗೆ ವಿಂಟೇಜ್ ಅಂತ ಹೆಸರು, ಹುಡುಕಿಕೊಂಡು ಬಂದು ಒಳ್ಳೆಯ ಬೆಲೆಗೆ ಒಯ್ಯುತ್ತಾರೆ" ಎಂದ. ಇವರು ಒಂದು ವಾರ ಯೋಚಿಸಿ, "ಕೊಟ್ಟುಬಿಡೋಣವಾ? ಅದರ ಆಯುಸ್ಸು ಮುಗಿಯಿತು" ಎಂದರು. ತಪ್ಪು ಮಾಡದ ಯಂತ್ರ ನನ್ನ ಸುಳ್ಳಿನಿಂದಾಗಿ ಮನೆ ಬಿಟ್ಟು ಹೋಗುವುದರಲ್ಲಿತ್ತು. ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಆ ವರ್ಷದ ನವರಾತ್ರಿಗೆ ಶೃಂಗೇರಿಗೆ ಹೋಗಿದ್ದೆವು. ಶಾರದಮ್ಮನ ಅಲಂಕಾರ ನೋಡಿ, ಸಂಜೆಯ ಕಚೇರಿಗೆ ಮುಂದಿನ ಸಾಲಿನಲ್ಲೇ ಕೂತೆವು. ಹಾಡುವವರ ಹಿಂದೆ ಸಣ್ಣ ಹುಡುಗಿಯೊಬ್ಬಳು ತಂಬೂರಿ ಮೀಟುತ್ತಿದ್ದಳು. ಇವರು ಹಾಡುವವರನ್ನು ನೋಡುವುದು ಬಿಟ್ಟು ಆ ಹುಡುಗಿಯ ಬೆರಳನ್ನೇ ನೋಡುತ್ತಿದ್ದರು. ತಂತಿಯಿಂದ ತಂತಿಗೆ ಬೆರಳು ಸರಿಯುತ್ತಲೇ ಇತ್ತು. ಇವರು ಸ್ವಲ್ಪ ಮುಂದಕ್ಕೆ ಬಾಗಿದರು. ಮತ್ತೂ ಬಾಗಿದರು. ಆಮೇಲೆ ಹಿಂದಕ್ಕೆ ಒರಗಿ ಸುಮ್ಮನಾದರು.

ಕಚೇರಿ ಮುಗಿದು ತುಂಗೆಯ ಮೆಟ್ಟಿಲ ಮೇಲೆ ಕೂತಾಗ ಕೇಳಿದರು: "ಸೆಟ್ಟು ಸರಿಯಾಗೇ ಇದೆ, ಅಲ್ವಾ?"

"ಹೌದು" ಎಂದೆ.

"ಯಾವಾಗಿಂದ ಗೊತ್ತು ನಿನಗೆ?"

"ತುಪ್ಪ ಬೇಡ ಅಂದಿರಲ್ಲ, ಆವತ್ತಿನಿಂದ."

ಇವರು ಬಹಳ ಹೊತ್ತು ಮಾತಾಡಲಿಲ್ಲ. ನನಗೆ ಸಮಾಧಾನದ ಮಾತು ಹುಡುಕಿದರೂ ಸಿಗಲಿಲ್ಲ. ಕೊನೆಗೆ ಬಾಯಿಗೆ ಬಂದದ್ದನ್ನು ಹೇಳಿದೆ. "ನೋಡಿ, ನಿಮಗೆ ಈಗ ಎಷ್ಟು ಕೇಳುತ್ತದೋ ಅಷ್ಟೇ ನನಗೆ ಅಡುಗೆಮನೆಗೆ ಕೇಳುತ್ತಿದ್ದದ್ದು. ಮೂವತ್ತೈದು ವರ್ಷ ಅಷ್ಟರಲ್ಲೇ ಖುಷಿಪಟ್ಟಿದ್ದೇನೆ. ಗಂಗೂಬಾಯಿ ಪೂರಾ ಬರುತ್ತಾರೆ. ಉಳಿದದ್ದನ್ನು ನಾವೇ ತುಂಬಿಕೊಳ್ಳಬೇಕು, ಅಷ್ಟೆ."

ಸಮಾಧಾನಕ್ಕೆಂದು ಹೇಳಿದ ಮಾತು ಹೇಳಿ ಮುಗಿಸುವಷ್ಟರಲ್ಲಿ ಆಪಾದನೆಯ ಹಾಗೆ ಕೇಳಿಸಿತು. ಎರಡೂ ನಿಜವೇ ಇರಬೇಕು. ಇವರು ನನ್ನ ಮುಖವನ್ನು ಹೊಸದಾಗಿ ನೋಡುವವರಂತೆ ನೋಡಿದರು. "ಗೋಡೆ ದಾಟಿ ಏನು ಬರುತ್ತದೆ ಅಂತ ನಾನೇ ನಿನಗೆ ಲೆಕ್ಕ ಹೇಳಿಕೊಟ್ಟಿದ್ದೆ, ಅಲ್ವೇನೇ" ಎಂದರು. ಅಷ್ಟೇ ಅಂದದ್ದು.

ಆಮೇಲೆ ಡಾಕ್ಟರ ಹತ್ತಿರ ಹೋದೆವು. ಕಿವಿಯ ಒಳಗೆ ಶಂಖದಂಥ ಸುರುಳಿಯಲ್ಲಿ ಸಣ್ಣ ರೋಮಗಳಿರುವ ಕೋಶಗಳಿವೆಯಂತೆ. ತಾರವನ್ನು ಹಿಡಿಯುವವು ಸುರುಳಿಯ ಬಾಗಿಲಲ್ಲೇ ಇರುವುದು. ವಯಸ್ಸಾದಂತೆ ಮೊದಲು ಸವೆಯುವುದೂ ಅವೇ. ಸವೆದದ್ದು ಮತ್ತೆ ಹುಟ್ಟುವುದಿಲ್ಲ. ಸ, ಶ, ತ ಮುಂತಾದ ಅಕ್ಷರಗಳ ಸದ್ದು ಆ ಎತ್ತರದಲ್ಲೇ ಇರುವುದರಿಂದ ಮಾತು ಕೇಳಿಸಿದರೂ ಅಕ್ಷರ ಜಾರುತ್ತದೆ. ನಿಮ್ಮ ಮನೆಯ ಹಿರಿಯರು ಏನೋ ಕೇಳಿದರೆ ಇನ್ನೇನೋ ಹೇಳುತ್ತಿದ್ದರೆ, ಅಥವಾ ಟಿ.ವಿ. ಸರಿಯಿಲ್ಲ ಎಂದು ಗೊಣಗುತ್ತಿದ್ದರೆ, ಮರೆವು, ಹಟ ಎಂದು ಗದರುವ ಮೊದಲು ಒಮ್ಮೆ ಕಿವಿಯ ಪರೀಕ್ಷೆ ಮಾಡಿಸಿ. ನಾನು ಒಂದು ವರ್ಷ ತಡಮಾಡಿದೆ.

ಈಗ ಇವರಿಗೆ ಎಪ್ಪತ್ತು ದಾಟಿದೆ. ಕಿವಿಗೊಂದು ಯಂತ್ರ ಬಂದಿದೆ. ಅದು ಮಾತಿಗೆಂದು ಮಾಡಿದ್ದು. ಸಂಗೀತಕ್ಕೆ ಹಾಕಿಕೊಂಡರೆ ತಗಡಿನ ಡಬ್ಬ ಬಡಿದ ಹಾಗೆ ಕೇಳುತ್ತದೆಂದು ತೆಗೆದಿಡುತ್ತಾರೆ. ಸೋನೋಡೈನನ್ನು ಕೊಡುವ ಮಾತು ನಿಂತುಹೋಗಿದೆ. ಟ್ರೆಬಲ್ ಗುಂಡಿ ತನ್ನ ಹಳೆಯ ಜಾಗಕ್ಕೆ, ಮಧ್ಯಕ್ಕೆ, ಬಂದು ಕೂತಿದೆ. ಹೊಸದಾಗಿ ಏನಾದರೂ ರಿಪೇರಿಯಾದರೆ ಕುರ್ಚಿಯಲ್ಲಿ ಕೂತು ಸರಿಯೋ ತಪ್ಪೋ ಹೇಳುವವಳು ನಾನು.

ಶನಿವಾರದ ಬೆಳಗಿನ ಹೊತ್ತು ಇವರು ಕಿವಿಯ ಯಂತ್ರ ತೆಗೆದಿಟ್ಟು ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ತೊಂಡೆಕಾಯಿ ಹೆಚ್ಚುತ್ತಾರೆ. ಒಂದೊಂದು ಹೋಳೂ ಒಂದೊಂದು ಅಳತೆ. ನಾನು ಬೆತ್ತದ ಕುರ್ಚಿಯಲ್ಲಿ. ಮೊನ್ನೆ ಗಂಗೂಬಾಯಿಯವರ ರೆಕಾರ್ಡು ತಿರುಗುತ್ತಿದ್ದಾಗ ಒಳಗಿನಿಂದ ಕೂಗಿದರು: "ಇಲ್ಲಿಗೆ ಚೆನ್ನಾಗೇ ಬರುತ್ತದಲ್ಲೇ!"

"ಹೌದು, ಬರುತ್ತದೆ" ಎಂದು ಕೂಗಿದೆ. "ಹಾಗೇ ಆ ತುಪ್ಪ ಒಲೆಯ ಹತ್ತಿರ ಇಡಿ, ಕರಗಲಿ."

ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೋಗಿ ನೋಡಿದೆ. ಒಲೆಯ ಪಕ್ಕದಲ್ಲಿ ಉಪ್ಪಿನ ಭರಣಿ ಬೆಚ್ಚಗೆ ಕೂತಿತ್ತು.